ಲೆಕ್ಕ ಉಳಿಯದ ಕಂಪ್ಯೂಟರ್

ಮಹಾಪೆಯ ಆಫೀಸಿನಿಂದ ಹೊರಟು, ಶಿಳ್ ಫಾಟಾ ಟ್ರಾಫಿಕ್ಕಿನಲ್ಲಿ ಅರ್ಧ ಆಯುಷ್ಯ ಕಳೆದು ಡೊಂಬಿವಲಿ ಸೇರಿದರೆ ಸೋದರಮಾವ ಬಾಗಿಲಲ್ಲೇ ಕಾದಿದ್ದರು.

"ಅಮೆರಿಕದವರ ಕಂಪ್ಯೂಟರನ್ನ ಮಹಾಪೆಯಿಂದಲೇ ರಿಪೇರಿ ಮಾಡ್ತೀಯಂತೆ. ಇದೊಂದು ನೋಡು. ಸಂಘದ ಲೆಕ್ಕ ಸೇವೇ ಆಗ್ತಿಲ್ಲ."

"ಫೈಲಿಗೆ ಏನು ಹೆಸರಿಟ್ರಿ ಮಾವ?"

"ಲೆಕ್ಕ 1/4/2025."

"ಓರೆಗೆರೆ ತೆಗೀರಿ. 'ಲೆಕ್ಕ 1' ಅನ್ನೋ ಫೋಲ್ಡರು, ಅದರೊಳಗೆ '4' ಅಂತ ಇನ್ನೊಂದು ಫೋಲ್ಡರು ಇದೆ ಅಂತ ಅದು ಹುಡುಕ್ತಾ ಕೂತಿದೆ."

"ಮೂವತ್ತು ವರ್ಷ ಬ್ಯಾಂಕಿನಲ್ಲಿ ಹೀಗೇ ತಾರೀಕು ಬರೆದೆ. ಒಂದು ಲೆಡ್ಜರೂ ತಕರಾರು ಮಾಡಿಲ್ಲ!"

"ವಿಂಡೋಸಿಗೆ ಒಂಬತ್ತು ಚಿಹ್ನೆ ಆಗಿಬರಲ್ಲ, ಮಾವ."

"ನವಗ್ರಹಾನಾ? ಶಾಂತಿ ಮಾಡಿಸಬೇಕಾ?"

"ಅಡ್ಡಗೆರೆ ಸಾಕು." 1-4-2025 ಅಂತ ಹಾಕಿದೆ. ಸೇವ್ ಆಯಿತು. ಅತ್ತೆ ಕಾಫಿ ತಂದರು.

ಮಾವ ಉತ್ಸಾಹದಿಂದ ಎರಡನೇ ಫೈಲಿಗೆ ಒಂದೊಂದೇ ಅಕ್ಷರ ಕುಟ್ಟಿದರು: 'ಗಣೇಶೋತ್ಸವದ ಉಳಿದ ದುಡ್ಡು ಎಲ್ಲಿ?'

ಮತ್ತೆ ತಕರಾರು.

"ಪ್ರಶ್ನೆ ಚಿಹ್ನೆಯೂ ಆ ಒಂಬತ್ತರಲ್ಲಿದೆ ಮಾವ. ಪ್ರಶ್ನೆ ಕೇಳೋ ಹಾಗಿಲ್ಲ."

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ಇದನ್ನ ನಮ್ಮ ಅಧ್ಯಕ್ಷರೇ ಮಾಡಿಸಿರಬೇಕು."