ಸ್ತೋತ್ರ ನಗದು, ಬಿಲ್ಲು ಉದ್ರಿ

ಯಂತ್ರಮೇಳಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಕಾಲುನೋವಿನ ಕಥೆ ಹೇಳುತ್ತಾರೆ. ನಮ್ಮ ಬ್ರದರ್ ಸಾಕ್ಷಿ ಹೇಳುತ್ತಾರೆ. ಅವರ ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ಲೇತ್ ಶೆಡ್ಡು ಹರಿಹರದಲ್ಲಿ, ಮನಸ್ಸು ಸದಾ ಪರಲೋಕದಲ್ಲಿ. ಜನವರಿಯಲ್ಲಿ ತುಮಕೂರು ರಸ್ತೆಯ ಮಾದಾವರದಲ್ಲಿ ಇಮ್‌ಟೆಕ್ಸ್ ಮೇಳ ನಡೆದರೆ ಬ್ರದರ್ ತಪ್ಪಿಸುವವರಲ್ಲ. ಬಂದ ವಾರವೇ ಮನೆಯಲ್ಲಿ ಕೃತಜ್ಞತಾ ಕೂಟ, ಓಣಿಗೆಲ್ಲ ಕರೆ. ಮಂಡಕ್ಕಿ, ಮೆಣಸಿನಕಾಯಿ ಇರುತ್ತವೆಂದು ನಾನೂ ಹೋಗುತ್ತೇನೆ.

ಈ ಸಲದ ಸಾಕ್ಷಿ ದೀರ್ಘವಾಗಿತ್ತು. ಅಷ್ಟು ಕಾರುಗಳ ನಡುವೆ ಕರ್ತನು ಗೇಟಿನ ಹತ್ತಿರವೇ ಪಾರ್ಕಿಂಗ್ ಕೊಟ್ಟನಂತೆ. ಜರ್ಮನಿಯವರ ಸ್ಟಾಲಿನಲ್ಲಿ ಪುಕ್ಕಟೆ ಕಾಫಿ ಕೊಡಿಸಿದನಂತೆ. ಪೆನ್ನು, ಡೈರಿ, ಕೀಚೈನು, ಟೇಪು, ಒಂದೊಂದಕ್ಕೂ ಒಂದೊಂದು ಸ್ತೋತ್ರ. ಕೊನೆಗೆ ಚೀಲವೇ ತುಂಬಿ ಹೊರಸೂಸಿತು ಎಂದರು. ಕೀರ್ತನೆಯಲ್ಲಿ ತುಂಬಿ ಹೊರಸೂಸುವುದು ಬಟ್ಟಲು. ಇರಲಿ, ಮೇಳದಲ್ಲಿ ಬಟ್ಟಲು ಹಂಚುವುದಿಲ್ಲ. ಆರ್ಡರ್ ಕೊಡದೆ ಬರೀ ವಿಸಿಟಿಂಗ್ ಕಾರ್ಡ್ ಕೊಟ್ಟು ಕಳಿಸಿದವರನ್ನೆಲ್ಲ ‘ಬೀಜ ಬಿತ್ತಿ ಬಂದಿದ್ದೀನಿ’ ಎಂಬ ಖಾತೆಗೆ ಬರೆದುಕೊಂಡರು.

ಮುಕ್ತಾಯದ ಸ್ತೋತ್ರ ಮಾತ್ರ ಬೇರೆ ತೂಕದ್ದು. ಪಕ್ಕದ ಶೆಡ್ಡಿನವನು ಬ್ಯಾಂಕ್ ಸಾಲ ನೆಚ್ಚಿಕೊಂಡು ಮೇಳದಲ್ಲೇ ಸಿಎನ್‌ಸಿ ಬುಕ್ ಮಾಡಿ ಬಂದಿದ್ದಾನೆ, ಅಂಥ ಶೋಧನೆಯಿಂದ ತನ್ನನ್ನು ತಪ್ಪಿಸಿದ್ದಕ್ಕೆ ವಂದನೆ! ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ದೇವಾಲಯಕ್ಕೆ ಬರುವ ಫರಿಸಾಯನೂ ಏನನ್ನೂ ಬೇಡುವುದಿಲ್ಲ, ಅವನದೂ ಶುದ್ಧ ಕೃತಜ್ಞತೆಯೇ. ತಾನು ಉಳಿದವರಂತೆ ಇಲ್ಲವಲ್ಲ ಎಂಬ ಸಂತೋಷಕ್ಕೆ ದೇವರನ್ನು ಅಭಿನಂದಿಸಿ ಹೋಗುತ್ತಾನೆ. ದೇವರ ಲೆಕ್ಕಕ್ಕೆ ಬಂದವನು ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದ ಸುಂಕದವನು. ಕೂಟದಲ್ಲಿ ಆ ಪುಟವನ್ನು ಯಾರೂ ತೆರೆಯಲಿಲ್ಲ.

ಕ್ರಿಸ್ತನ ಹಿಂಬಾಲಕ ಮೇಳಕ್ಕೆ ಹೋಗಬಾರದೆಂದಲ್ಲ. ಪೌಲನೇ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಕೂತು ಗುಡಾರ ಹೊಲಿದ. ಫಿಲಿಪ್ಪಿಯಲ್ಲಿ ಅವನ ಮಾತು ಕೇಳಿ ದೀಕ್ಷೆ ಪಡೆದ ಲುದ್ಯ ಬೆಲೆಬಾಳುವ ಕೆನ್ನೀಲಿ ಬಟ್ಟೆಯ ವ್ಯಾಪಾರಿ. ಈ ಕಾಲದವಳಾಗಿದ್ದರೆ ಅವಳದೂ ಒಂದು ಸ್ಟಾಲ್ ಇರುತ್ತಿತ್ತು. ನಮ್ಮ ಕಡೆಗೇ ಬನ್ನಿ: ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಹೆಂಚು ಸೋರಿದ್ದರೆ ಸ್ತೋತ್ರ ಹಾಡಿ ಗಿರಾಕಿಯನ್ನು ಒಪ್ಪಿಸಲು ಆಗುತ್ತಿರಲಿಲ್ಲ.

ಬ್ರದರ್ ಮೇಳದಲ್ಲಿ ಎದೆಯುಬ್ಬಿಸಿ ಹೇಳಿಕೊಳ್ಳುವುದು ‘ನಾವು ಹರಿಹರದವರು’ ಎಂದು. ಅದಕ್ಕೆ ತೂಕವಿದೆ. ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾದದ್ದು ಅಲ್ಲೇ; ಅದರ ಲೇತುಗಳ ಮೇಲೆ ದೇಶದ ಎಷ್ಟೋ ಐಟಿಐ ಹುಡುಗರು ಕೆಲಸ ಕಲಿತರು. ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ಮೀರಿತು. ಬ್ರದರ್ ಶೆಡ್ಡಿನ ಹಿರಿಯ ಟರ್ನರ್ ಕೈ ಪಳಗಿಸಿಕೊಂಡದ್ದು ಅಲ್ಲಿಯೇ. ಮೇಳದಲ್ಲಿ ಬ್ರದರ್ ಜೇಬಿನಿಂದ ತೆಗೆದು ಎಲ್ಲರಿಗೂ ತೋರಿಸಿದ ಸ್ಯಾಂಪಲ್ ಪೀಸು ಆ ಟರ್ನರ್ ಕೈಯಿಂದ ಬಂದದ್ದು. ಅಷ್ಟು ಉದ್ದದ ಸಾಕ್ಷಿಯಲ್ಲಿ ಪಾರ್ಕಿಂಗಿಗೆ ಜಾಗ ಸಿಕ್ಕಿತು, ಟರ್ನರನಿಗೆ ಸಿಗಲಿಲ್ಲ. ಅವನು ಕ್ರೈಸ್ತನಲ್ಲ. ಆದರೂ ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆಯ ಬೆಸಿಲಿಕಾಕ್ಕೆ ಹೋಗಿ, ಸಾವಿರಾರು ಜನರ ನಡುವೆ ಮೇಣದಬತ್ತಿ ಹಚ್ಚಿ ಬರುತ್ತಾನೆ. ಬ್ರದರ್‌ಗೆ ಅದು ಅಜ್ಞಾನ. ವಾಸಿಯಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ವಂದನೆ ಹೇಳಲು ತಿರುಗಿ ಬಂದ ಒಬ್ಬನೇ ಒಬ್ಬ ಸಮಾರ್ಯದವನು, ಹೊರಗಿನವನು ಎಂಬುದೂ ಆ ಲೂಕನ ಪುಸ್ತಕದಲ್ಲೇ ಇದೆ.

ಕೂಟದಲ್ಲಿ ಬಾಗಿಲ ಬಳಿ ಪ್ಲೇಟಿಂಗ್ ಕೆಲಸದವನೊಬ್ಬ ಕೂತಿದ್ದ. ಆಮೆನ್ ಎಲ್ಲರಿಗಿಂತ ಜೋರಾಗಿ ಅವನದೇ. ಬಿಲ್ಲು ಬಾಕಿ ಇರುವವನ ಆಮೆನ್ ಯಾವತ್ತೂ ಜೋರು. ಮಂಡಕ್ಕಿ ತಟ್ಟೆ ಹಿಡಿದು ಮೆಲ್ಲಗೆ ಹತ್ತಿರ ಬಂದ.

‘ಅಣ್ಣಾರ, ಆ ದೀಪಾವಳಿ ಮುಂಚಿನ ಬಿಲ್ಲು...’

‘ಪಾರ್ಟಿ ಪೇಮೆಂಟ್ ಬಂದಿಲ್ಲಪ್ಪಾ. ಪ್ರಾರ್ಥನೆ ಮಾಡು.’

ಪಾರ್ಟಿಯಿಂದ ಪೇಮೆಂಟ್ ಬರದಿದ್ದುದು ನಿಜವೇ ಇರಬಹುದು. ದೊಡ್ಡ ಕಂಪನಿಗಳು ತಮಗೆ ಹಣ ತಡಮಾಡಿದಾಗ ಬ್ರದರ್ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯವನ್ನು ಬಾಯಿಪಾಠ ಒಪ್ಪಿಸುತ್ತಾರೆ: ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ದೇವರಿಗೆ ಮುಟ್ಟುತ್ತದೆ ಎಂದು. ತಡ ಮೇಲಿನಿಂದ ತಮ್ಮವರೆಗೆ ಬರುವಾಗ ಧರ್ಮಗ್ರಂಥ, ತಮ್ಮಿಂದ ಕೆಳಗೆ ಇಳಿಯುವಾಗ ಬಿಸಿನೆಸ್.

ಸರ್ಕಾರ ಇದಕ್ಕೊಂದು ಲೆಕ್ಕ ಇಟ್ಟಿದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದವನಿಗೆ ಬರಹದ ಕರಾರು ಇಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯವರೂ ಸೇರಿಕೊಂಡರು: ಗಡುವು ಮೀರಿಸಿ ವರ್ಷ ದಾಟಿಸಿದ ಬಾಕಿಯನ್ನು ಆ ವರ್ಷದ ಖರ್ಚಿಗೆ ಬರೆಯುವಂತಿಲ್ಲ. ಪರಲೋಕಕ್ಕೆ ಹೆದರದವರು ಆಡಿಟರ್‌ಗೆ ಹೆದರಿದರು. ಹೆದರಿ ಏನು ಮಾಡಿದರು? ಕೆಲವರು ಉದ್ಯಮ ನೋಂದಣಿ ಇಲ್ಲದವರಿಗೇ ಕೆಲಸ ಕೊಡತೊಡಗಿದರು. ನಮ್ಮ ಪ್ಲೇಟಿಂಗ್‌ನವನಿಗೂ ನೋಂದಣಿ ಇಲ್ಲ. ಅವನನ್ನು ಹುಡುಕಿಕೊಟ್ಟದ್ದಕ್ಕೂ ಬ್ರದರ್ ಒಂದು ಸ್ತೋತ್ರ ಹೇಳಿಯೇ ಇರುತ್ತಾರೆ.

ಮೋಶೆಯ ಧರ್ಮಶಾಸ್ತ್ರ ಮಾತ್ರ ನಮ್ಮ ಕಾಯ್ದೆಗಿಂತ ಕಟ್ಟುನಿಟ್ಟು. ಅಲ್ಲಿ 45 ದಿನದ ಮಾತಿಲ್ಲ, ಕೂಲಿಯವನ ಹಣ ಅದೇ ದಿನ ಹೊತ್ತು ಮುಳುಗುವ ಮುಂಚೆ ಅವನ ಕೈ ಸೇರಬೇಕು. ದ್ರಾಕ್ಷಿತೋಟದ ಸಾಮ್ಯದಲ್ಲೂ ಯಜಮಾನ ಸಂಜೆಯೇ ಬಟವಾಡೆ ಮಾಡಿಸುತ್ತಾನೆ, ಕೊನೆಯ ಗಳಿಗೆಗೆ ಬಂದವನಿಗೂ ಪೂರ್ತಿ ಕೂಲಿ. ದ್ರಾಕ್ಷಾರಸಕ್ಕೆ ಪಾರ್ಟಿ ಪೇಮೆಂಟ್ ಬಂದಿದೆಯೋ ಇಲ್ಲವೋ ಎಂದು ಅವನು ಕೇಳಲಿಲ್ಲ.

ಆದ್ದರಿಂದ ಬ್ರದರ್, ಮುಂದಿನ ಕೂಟಕ್ಕೆ ಮೊದಲು ದೀಪಾವಳಿಯ ಆ ಬಿಲ್ಲು ಚುಕ್ತಾ ಮಾಡಿ. ಟರ್ನರನನ್ನು ಮೇಳಕ್ಕೆ ಕರೆದುಕೊಂಡು ಹೋಗಿ, ಜರ್ಮನಿಯವರ ಕಾಫಿ ಅವನೂ ಕುಡಿಯಲಿ. ಬ್ಯಾಂಕ್ ಮುಚ್ಚಿದೆ ಅನ್ನಬೇಡಿ. ದಾವಣಗೆರೆಯಲ್ಲಿ ಹೊತ್ತು ಮುಳುಗುವುದು ಆರೂವರೆಯ ಆಸುಪಾಸಿಗೆ. ಫೋನ್‌ಪೇ ಅದಾದ ಮೇಲೂ ನಡೆಯುತ್ತದೆ.