ಈಟಿಗೆ ಕಟ್ಟಿದ ಕೂಸಿನ ಹೆಸರು

ಕಮಿಲ್ಲಾ ಎಂದು ಮಗಳಿಗೆ ಹೆಸರಿಡುವ ಯುರೋಪಿನ ತಂದೆತಾಯಿಗಳು, ಆ ಹೆಸರಿನ ಮೊದಲ ಒಡತಿಯ ಶೈಶವದ ಕಥೆಯನ್ನು ಬಲ್ಲವರಾದರೆ ತೊಟ್ಟಿಲನ್ನು ಒಮ್ಮೆ ಬಿಗಿಯಾಗಿ ಹಿಡಿದುಕೊಂಡಾರು. ರೋಮನ್ ಕವಿ ವರ್ಜಿಲನ 'ಈನಿಯಡ್' ಮಹಾಕಾವ್ಯದ 11ನೆಯ ಸರ್ಗದಲ್ಲಿ, ರಾಜ್ಯದಿಂದ ಹೊರದಬ್ಬಿಸಿಕೊಂಡ ಮೆಟಬಸ್ ಎಂಬ ದೊರೆ ಹಸುಗೂಸನ್ನು ಎದೆಗವಚಿಕೊಂಡು ಓಡುತ್ತಾನೆ. ಉಕ್ಕಿ ಹರಿಯುವ ಅಮಾಸೆನಸ್ ಹೊಳೆ ಅಡ್ಡಬಂದಾಗ ಕೂಸನ್ನು ಬೆಂಡುಮರದ ತೊಗಟೆಯಲ್ಲಿ ಸುತ್ತಿ, ಈಟಿಗೆ ಬಿಗಿದು, ಬೇಟೆಯ ದೇವತೆ ಡಯಾನಾಳಿಗೆ ಹರಕೆ ಹೊತ್ತು ಆಚೆ ದಡಕ್ಕೆ ಎಸೆದು, ತಾನು ಈಜಿ ಹೋಗಿ ಎತ್ತಿಕೊಳ್ಳುತ್ತಾನೆ. ಹೆಸರಿನ ವಿಷಯದಲ್ಲಂತೂ ಈ ಮಹಾಶಯ ತಲೆ ಕೆಡಿಸಿಕೊಳ್ಳಲೇ ಇಲ್ಲ: ಹೆಂಡತಿಯ ಹೆಸರಾದ ಕಸ್ಮಿಲ್ಲಾದಿಂದ ಒಂದಕ್ಷರ ಕಿತ್ತುಹಾಕಿದನು, ಅಷ್ಟೇ. ರೋಮಿನಲ್ಲಿ ಪೂಜೆಗೆ ನೆರವಾಗುವ ಹುಡುಗನನ್ನು ಕಮಿಲ್ಲಸ್, ಹುಡುಗಿಯನ್ನು ಕಮಿಲ್ಲಾ ಎನ್ನುತ್ತಿದ್ದುದರಿಂದ, ದೇವತೆಗೆ ಮೀಸಲಾದ ಮಗುವಿಗೆ ಅದು ಹೇಗೋ ಒಪ್ಪಿಯೂಬಿಟ್ಟಿತು.

ಬೆಳೆದು ವೋಲ್ಸಿ ಜನರ ಕುದುರೆಪಡೆಯ ನಾಯಕಿಯಾದ ಈಕೆ, ಎದುರಾಳಿಯೊಬ್ಬನ ಬಂಗಾರದ ಥಳುಕಿಗೆ ಮನಸೋತು ಅವನ ಬೆನ್ನು ಹತ್ತಿದ್ದಾಗ ಮತ್ತೊಬ್ಬನ ಈಟಿಗೆ ಬಲಿಯಾದಳು. 1796ರಲ್ಲಿ ಫ್ಯಾನಿ ಬರ್ನಿ ಇದೇ ಹೆಸರಿನ ಕಾದಂಬರಿ ಪ್ರಕಟಿಸಿದ ಮೇಲೆ ಇಂಗ್ಲೆಂಡಿನ ದಿವಾನಖಾನೆಗಳಲ್ಲಿ ಈಟಿಯಿಲ್ಲದ ಕಮಿಲ್ಲಾಳೂ ಪರಿಚಿತಳಾದಳು. ಕಾವ್ಯದಲ್ಲಿ ಕಮಿಲ್ಲಾ ಡಯಾನಾಳ ಅಚ್ಚುಮೆಚ್ಚಿನ ಸೇವಕಿ. ಬ್ರಿಟನ್ನಿನ ಅರಮನೆಯಲ್ಲಿ ಈ ಎರಡು ಹೆಸರುಗಳು ಎದುರುಬದುರಾದಾಗ ಮಾತ್ರ ವರ್ಜಿಲನ ಮಾತು ನಡೆಯಲಿಲ್ಲ.