ಚಿಮಣಿಯ ಎತ್ತರ, ನೆರೆಕರೆಯ ಮೂಗು: ಒಂದು ಅರ್ಥಶಾಸ್ತ್ರೀಯ ಮೀಮಾಂಸೆ

ಗೇರುಬೀಜ ಹುರಿದರೆ ತಿರುಳು ಕಾರ್ಖಾನೆಗೆ, ಹೊಗೆ ಊರಿಗೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಈ ಹಳೇ ಪಾಲುಪಟ್ಟಿಗೆ ಪಂಡಿತರು ‘ಬಾಹ್ಯ ವೆಚ್ಚ’ ಎಂದು ನಾಮಕರಣ ಮಾಡಿದ್ದಾರೆ. ಅದಕ್ಕೆ ತೆರಿಗೆ ಹಾಕಿ ಎಂದವರು ಪಿಗೂ (1920). ಚೌಕಾಸಿಗೆ ಖರ್ಚಿಲ್ಲದಿದ್ದರೆ ಇಬ್ಬರೂ ಕೂತು ಮಾತಾಡಿ ಮುಗಿಸಿಕೊಳ್ಳಬಹುದು ಎಂದವರು ಕೋಸ್ (1960). ನಮ್ಮಲ್ಲಿ ಮಾತುಕತೆ “ದುಡ್ಡ್ ಅವ್ರಿಗೆ, ಹೊಗಿ ನಮ್ಗಾ?” ಎಂದು ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ಕೆಮ್ಮಿನ ಖರ್ಚು ಬೇರೆ.

ಆದಕಾರಣ 1981ರಲ್ಲಿ ವಾಯು ಕಾಯ್ದೆ ಅವತರಿಸಿತು; ಅದರ ಬೆನ್ನಿಗೆ ಚಿಮಣಿ ಸೂತ್ರ. ಗಂಟೆಗೆ ಹೊರಬೀಳುವ ಗಂಧಕದ ಡೈಆಕ್ಸೈಡಿನ ಕಿಲೋ ಲೆಕ್ಕವನ್ನು 0.3ನೇ ಘಾತಕ್ಕೇರಿಸಿ 14ರಿಂದ ಗುಣಿಸಿದರೆ ಮೀಟರಿನಲ್ಲಿ ಎತ್ತರ ಸಿಗುತ್ತದೆ. ಒಂದು ಕಿಲೋಗೆ 14 ಮೀಟರ್. ಹತ್ತು ಕಿಲೋಗೆ 140 ಅಲ್ಲ, ಬರೀ 28! ಹೊಗೆ ಹತ್ತು ಪಟ್ಟು, ಇಟ್ಟಿಗೆ ಎರಡು ಪಟ್ಟು. ಸಗಟು ರಿಯಾಯಿತಿ ಸಂತೆಯಲ್ಲಷ್ಟೇ ಅಲ್ಲ, ಆಕಾಶದಲ್ಲೂ ಉಂಟು ಎಂದು ಇದರಿಂದ ಸಿದ್ಧವಾಯಿತು. ಹೊಗೆ ಕಮ್ಮಿಯಾಯಿತೇ ಎಂದು ಕೇಳುವುದು ಅಶಾಸ್ತ್ರೀಯ. ಅದು ಪಕ್ಕದ ಗ್ರಾಮ ಪಂಚಾಯತಿಗೆ ವರ್ಗವಾಯಿತು.

ಮೊದಲು ಕಾಯ್ದೆ ಮುರಿದರೆ ಜೈಲಿನ ಭಯವಿತ್ತು. ಭಯವನ್ನು ಲೆಡ್ಜರಿನಲ್ಲಿ ಬರೆಯುವುದು ಕಷ್ಟ. 2023ರ ಜನವಿಶ್ವಾಸ ಕಾಯ್ದೆ ಬಹುತೇಕ ತಪ್ಪುಗಳಿಗೆ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಗೊತ್ತುಮಾಡಿ, ಗುಮಾಸ್ತರಿಗೊಂದು ಕಾಲಂ ಒದಗಿಸಿತು. ಇಷ್ಟರ ನಡುವೆ ಗೇರುಬೀಜವನ್ನು ಹುರಿಯುವ ಬದಲು ಹಬೆಯಲ್ಲಿ ಬೇಯಿಸುವ ಪದ್ಧತಿ ಬಂದು ಹೊಗೆ ತಗ್ಗಿದ್ದು ಶಾಸ್ತ್ರಕ್ಕೆ ದೊಡ್ಡ ಮುಜುಗರ. ಸಿಪ್ಪೆಯ ಎಣ್ಣೆ ಸುಟ್ಟುಹೋಗದೆ ಮಾರಲು ಉಳಿಯುತ್ತದೆ, ತಿರುಳು ಬೆಳ್ಳಗಿರುತ್ತದೆ. ಕಾಯ್ದೆಗಿಂತ ಎಣ್ಣೆಯೇ ಹೆಚ್ಚು ಕೆಲಸ ಮಾಡಿತು ಎಂಬುದು ನನ್ನ ಗುಮಾನಿ. ಪ್ರೌಢಪ್ರಬಂಧದಲ್ಲಿ ಹಾಗೆಲ್ಲ ಬರೆಯುವ ಹಾಗಿಲ್ಲ.

ಉಳಿದದ್ದು ಗಾಳಿಯ ದಿಕ್ಕು. ಮಳೆಗಾಲ ಬಿಟ್ಟರೆ ಹಗಲು ಕಡಲಗಾಳಿ ಹೊಗೆಯನ್ನು ಘಟ್ಟದತ್ತ ಒಯ್ಯುತ್ತದೆ, ರಾತ್ರಿ ನೆಲಗಾಳಿ ಅರಬ್ಬಿ ಸಮುದ್ರಕ್ಕೆ. ರಾತ್ರಿಪಾಳಿಯ ಬಾಧಿತರು ಬೈಗೆ ಮೀನುಗಳು. ಅವು ಈವರೆಗೆ ಅರ್ಜಿ ಹಾಕಿಲ್ಲ. ಆದರೂ ಕೋಸರ ಸಿದ್ಧಾಂತ ಸುಳ್ಳಾಗದು: ಬಲೆಗೆ ಬಿದ್ದ ಬೈಗೆ ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ, ನಾಲ್ಕೈದು ಕಿಲೋಗೆ ಒಂದು ಕಿಲೋ ಪುಡಿಯಾಗಿ, ಬೇಯುವಾಗಿನ ವಾಸನೆಯ ರೂಪದಲ್ಲಿ ಊರಿನಿಂದ ಪರಿಹಾರ ವಸೂಲಿ ಮಾಡುತ್ತದೆ. ಈ ವಾಸನೆ ಅಳೆಯಲು ಕೊನೆಗೂ ಮೂಗೇ ಗತಿ. ಸ್ವಲ್ಪ ಹೊತ್ತಿನಲ್ಲಿ ಮೂಗು ಒಗ್ಗಿಹೋಗುತ್ತದಾದ್ದರಿಂದ, ತಪಾಸಣೆಗೆ ಬಂದವರು ಮೊದಲು ಆಫೀಸಿನಲ್ಲಿ ಕೂತು, ಬೊಂಡ ಕುಡಿದು, ಕಡತ ಪೂರ್ತಿ ಓದಿ, ಆಮೇಲೆ ಉಸಿರೆಳೆಯತಕ್ಕದ್ದು.